ಭಾವನ ಪದ್ಮಿನಿಗೊಂದು ರಿಲೇ

ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರ ಡಿಕ್ಕಿಯಲ್ಲಿ ಜಾಕಿ, ಸ್ಟೆಪ್ನಿಗಳ ಜೊತೆಗೆ ಒಂದು ಹಳೇ ಬನಿಯನ್ನೂ ಇರುತ್ತಿತ್ತು. ಏಪ್ರಿಲ್ ಬಿಸಿಲಲ್ಲಿ ಚಾರ್ಮಾಡಿ ಹತ್ತುವಾಗ ಗಾಡಿ ಮುಗ್ಗರಿಸಿ ನಿಂತರೆ ಬಾನೆಟ್ ಎತ್ತಿ, ಬನಿಯನ್ನನ್ನು ನೀರಲ್ಲಿ ಅದ್ದಿ, ಪೆಟ್ರೋಲ್ ಪಂಪಿನ ಮೇಲೆ ಹೊದಿಸಿ ಕಾಯಬೇಕು. ಆ ಪಂಪು ಇಂಜಿನ್ನಿಗೇ ಅಂಟಿಕೊಂಡು ಬೇಯುತ್ತದೆ. ಒಳಗಿನ ಪೆಟ್ರೋಲು ಆವಿಯಾದರೆ ಡಯಾಫ್ರಮ್ ಎಷ್ಟು ಕುಣಿದರೂ ಮುಂದೆ ಹೋಗುವುದು ಬರೀ ಗಾಳಿ.

ನಮ್ಮ ಭಾವ ಬನಿಯನ್ನಿಗೆ ವಿದಾಯ ಹೇಳಿ ಎಲೆಕ್ಟ್ರಿಕ್ ಪಂಪು ಕೂರಿಸಲು ಹೊರಟರು. ಹಿಂದೆ ಟ್ಯಾಂಕಿನ ಪಕ್ಕ, ತಣ್ಣಗಿನ ಜಾಗದಲ್ಲಿ ಕೂತು ಪೆಟ್ರೋಲು ತಳ್ಳುವಂಥದ್ದು. ಕಾರ್ಬುರೇಟರಿಗೆ ಎರಡರಿಂದ ನಾಲ್ಕು ಪಿಎಸ್‌ಐ ಒತ್ತಡ ಸಾಕು. ಇಂಜೆಕ್ಷನ್ ಕಾರಿನ ಪಂಪು ಸಿಕ್ಕಿತೆಂದು ಹಾಕಿದರೆ ಅದು 40ರ ಆಸುಪಾಸಿನಲ್ಲಿ ನುಗ್ಗಿಸಿ, ಕಾರ್ಬುರೇಟರ್ ತುಂಬಿ ಹೊರಗೆ ಹರಿಯುತ್ತದೆ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಕೇಳಿದ್ದೆಲ್ಲ ಸಿಗುತ್ತದೆ, ನಿಜ. ಕೇಳಬೇಕಾದ್ದು ಏನೆಂದು ಮಾತ್ರ ನಮಗೇ ಗೊತ್ತಿರಬೇಕು.

ಪಂಪಿನ ಜೊತೆ ಎಲೆಕ್ಟ್ರಿಷಿಯನ್ ಒಂದು ಕರೀ ಡಬ್ಬಿಯನ್ನೂ ತಂದ. ಭಾವ ಹುಬ್ಬು ಗಂಟಿಕ್ಕಿದರು. ‘ಕೀಯಿಂದ ನೇರ ಒಂದು ವಯರ್ ಎಳೆದರೆ ಆಯ್ತಪ್ಪ. ನಡುವೆ ಇವನ್ಯಾರು?’

ಪ್ರಶ್ನೆ ನ್ಯಾಯವಾದದ್ದೇ. ಇಂಥ ಪಂಪು ಕುಡಿಯುವುದು ಒಂದೆರಡು ಆಂಪಿಯರ್. ಆದರೆ ಪದ್ಮಿನಿಯ ಕೀ ಸ್ವಿಚ್ಚಿಗೂ ವಯಸ್ಸಾಗಿದೆ, ಸವೆದ ಕಾಂಟ್ಯಾಕ್ಟು, ಸಣಕಲು ವಯರು. ಬ್ಯಾಟರಿಯಲ್ಲಿ ಹೊರಟ ವೋಲ್ಟೇಜು ದಾರಿಯಲ್ಲೇ ಸೋರಿಹೋಗುತ್ತದೆ. ಆ ಕರೀ ಡಬ್ಬಿ, ಅಂದರೆ ರಿಲೇ, ಇದ್ದರೆ ಕೀಗೆ ಗೌಡರ ಠೀವಿ ಬರುತ್ತದೆ. ಜಗುಲಿಯ ಮೇಲೆ ಕೂತು ಒಮ್ಮೆ ಕೆಮ್ಮಿದರೆ ಸಾಕು, ಹೊಲದಲ್ಲಿ ಆಳುಗಳು ಏಳುತ್ತಾರೆ. ಡಬ್ಬಿಯೊಳಗಿರುವುದು ಎಂಬತ್ತು ತೊಂಬತ್ತು ಓಮಿನ ಕಾಯಿಲ್. ಆ ಕೆಮ್ಮಿಗೆ ಖರ್ಚು ಆಂಪಿಯರಿನ ಏಳನೇ ಒಂದು ಪಾಲು.

ಡಬ್ಬಿಯ ತಳದಲ್ಲಿ ಅಂಕಿಗಳಿವೆ: 30, 85, 86, 87. ಜರ್ಮನಿಯ ಡಿಐಎನ್ ಕಟ್ಟಳೆ. ಬ್ಯಾಟರಿಯ ನೇರ ಕರೆಂಟಿಗೆ 30, ಕಾಯಿಲ್ಲಿನ ಎರಡು ತುದಿಗೆ 85, 86, ಪಂಪಿಗೆ ಹೋಗುವುದಕ್ಕೆ 87. ಜರ್ಮನ್ನಿನ ಒಂದಕ್ಷರ ಗೊತ್ತಿಲ್ಲದ ನಮ್ಮ ಗ್ಯಾರೇಜಿನ ಹುಡುಗರು ಇದನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ಐದು ಕಾಲಿನ ರಿಲೇಯಾದರೆ ನಡುವೆ 87ಎ ಎಂಬ ಕಿಡಿಗೇಡಿ ಇರುತ್ತದೆ. ಪಂಪಿನ ವಯರನ್ನು ಅದಕ್ಕೆ ಸಿಕ್ಕಿಸಿದರೆ ಕೀ ತೆಗೆದು ಮನೆಗೆ ಹೋದಮೇಲೆ ಪಂಪು ಓಡತೊಡಗುತ್ತದೆ!

ಎಲೆಕ್ಟ್ರಿಷಿಯನ್ ಹೆಚ್ಚು ಹೊತ್ತು ಕಳೆದದ್ದು ಅರ್ತ್ ಕೊಡುವುದರಲ್ಲಿ. ಬಾಡಿಯ ಒಂದು ಮೂಲೆಯಲ್ಲಿ ಭಾವ ಪ್ರೀತಿಯಿಂದ ಹೊಡೆಸಿದ್ದ ಪೇಂಟನ್ನು ಉಪ್ಪುಕಾಗದದಿಂದ ತಿಕ್ಕಿ ತಿಕ್ಕಿ, ಲೋಹ ಬೆಳ್ಳಗೆ ಹೊಳೆಯುವವರೆಗೂ ಬಿಡಲಿಲ್ಲ. ಲಗ್ ಬಿಗಿದು, ಮೇಲೆ ಗ್ರೀಸ್ ಸವರಿದ. ಭಾವ ಅತ್ತ ಮುಖ ತಿರುಗಿಸಿ ನಿಂತಿದ್ದರು. 30ಕ್ಕೆ ಹೋಗುವ ವಯರಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಬಿತ್ತು. ಫ್ಯೂಸ್ ದೂರವಿದ್ದರೆ ಅದಕ್ಕೂ ಮುಂಚಿನ ವಯರಿಗೆ ದೇವರೇ ಗತಿ.

ನನಗೆ ಇಷ್ಟವಾದದ್ದು ಕೊನೆಯ ಭಾಗ. ಹಳೇ ಪಂಪಿಗೆ ಇಂಜಿನ್ನೇ ಯಜಮಾನ. ಇಂಜಿನ್ ನಿಂತರೆ ಅದೂ ನಿಲ್ಲುತ್ತದೆ. ಎಲೆಕ್ಟ್ರಿಕ್ ಪಂಪಿಗೆ ಆ ವಿವೇಕವಿಲ್ಲ. ಗಾಡಿ ಮರಕ್ಕೆ ಗುದ್ದಿ, ಪೈಪು ಹರಿದರೂ, ಕೀ ಆನ್ ಇರುವವರೆಗೆ ಬಿಸಿ ಇಂಜಿನ್ ಮೇಲೆ ಪೆಟ್ರೋಲು ಸುರಿಯುತ್ತಲೇ ಇರುತ್ತದೆ. ಅದಕ್ಕೇ 86ರ ದಾರಿಯಲ್ಲಿ ಒಂದು ಇನರ್ಷಿಯಾ ಸ್ವಿಚ್. ಒಳಗೆ ಅಯಸ್ಕಾಂತ ಹಿಡಿದುಕೊಂಡ ಉಕ್ಕಿನ ಗುಂಡು; ಜೋರಾಗಿ ಗುದ್ದಿದರೆ ಗುಂಡು ಎಗರಿ ಸ್ವಿಚ್ ಬಿಡುತ್ತದೆ, ಕಾಯಿಲ್ ಸುಮ್ಮನಾಗುತ್ತದೆ, ಪಂಪು ನಿಲ್ಲುತ್ತದೆ. ಮತ್ತೆ ಬೇಕೆಂದರೆ ಮೇಲಿನ ಗುಂಡಿ ಒತ್ತಬೇಕು.

ಭಾವನಿಗೆ ಇದೆಲ್ಲಕ್ಕಿಂತ ಹಿಡಿಸಿದ್ದು ರಿಲೇಯ ‘ಟಿಕ್’ ಸದ್ದು. ಮನೆಗೆ ಬಂದವರನ್ನೆಲ್ಲ ಶೆಡ್ಡಿಗೆ ಕರೆದೊಯ್ದು, ಕೀ ತಿರುಗಿಸಿ, ‘ಕೇಳಿಸ್ತಾ?’ ಅನ್ನುತ್ತಾರೆ. ಈಗ ಹೆಡ್‌ಲೈಟಿಗೂ ರಿಲೇ ಬೇಕಂತೆ. ನಿಜ ಹೇಳಬೇಕೆಂದರೆ ಪಂಪಿಗಿಂತ ಅದಕ್ಕೇ ಹೆಚ್ಚು ಅಗತ್ಯ. 60 ವ್ಯಾಟಿನ ಎರಡು ಬಲ್ಬು ಸೇರಿ ಹತ್ತು ಆಂಪಿಯರ್ ಎಳೆಯುತ್ತವೆ. ಹಾರನ್ನಿಗೂ ಬೇಕಂತೆ.

‘ಮೊದಲು ಬೋರ್‌ವೆಲ್ ಸ್ಟಾರ್ಟರ್ ರಿಪೇರಿ ಮಾಡ್ಸಿ, ನೀರಿಲ್ಲ’ ಎಂದು ಅಕ್ಕ ಗದರಿದಳು. ಅದರೊಳಗೂ ಕಾಯಿಲ್ ಇದೆ, ಇದಕ್ಕಿಂತ ಜೋರಾಗಿ ಸದ್ದು ಮಾಡುತ್ತದೆ ಎಂದು ನಾನಂತೂ ಭಾವನಿಗೆ ಹೇಳಲು ಹೋಗಲಿಲ್ಲ.