ಬ್ಯಾಸಿಗಿ ಓಟ ಮೀಮಾಂಸೆ: ಗದಗ ಸೀಮೆಯ ಆಧಾರಗಳ ಸಮೇತ

ಅಥಾತೋ ಧಾವನಜಿಜ್ಞಾಸಾ. ಕಳ್ಳ, ಬಸ್ಸು ತಪ್ಪಿದವ, ಹೋರಿ ಬೆನ್ನು ಹತ್ತಿದವ, ಈ ಮೂವರನ್ನು ಮೊದಲೇ ಬದಿಗಿಡೋಣ. ಅವರ ಓಟಕ್ಕೆ ಕಾರಣವಿದೆ. ಕಾರಣವಿದ್ದಲ್ಲಿ ಶಾಸ್ತ್ರಕ್ಕೆ ಕೆಲಸವಿಲ್ಲ. ಯಾರೂ ಬೆನ್ನಟ್ಟದಿದ್ದರೂ ನಸುಕಿನಲ್ಲೆದ್ದು, ದುಬಾರಿ ಬೂಟು ಹಾಕಿಕೊಂಡು, ಬೆವರು ಸುರಿಸಿ, ಹೊರಟ ಜಾಗಕ್ಕೇ ವಾಪಸು ಬಂದು ನಿಲ್ಲುವವನೇ ಈ ಪ್ರಬಂಧದ ವಿಷಯ. ಶಾಸ್ತ್ರದಲ್ಲಿ ಅವನು ಹವ್ಯಾಸಿ ಓಟಗಾರ. ಮನೆಯಲ್ಲಿ ಅವನಿಗೆ ಬೇರೆ ಹೆಸರುಗಳಿವೆ.

ಓಟ ಪರದೇಶದ ಚಾಳಿ ಎಂಬ ಅಪವಾದವನ್ನು ಮೊದಲು ಖಂಡಿಸಬೇಕು. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತ ಬರೆದ ಕುಮಾರವ್ಯಾಸ ವಿರಾಟಪರ್ವದಲ್ಲಿ ಉತ್ತರಕುಮಾರನನ್ನು ರಥದಿಂದಿಳಿಸಿ ಓಡಿಸಿದ್ದಾನೆ. ಹೆಂಗಸರ ಮುಂದೆ ಬಡಾಯಿ, ಕೌರವ ಸೇನೆ ಕಂಡೊಡನೆ ಜಿಗಿತ, ಆಮೇಲೆ ಊರ ಕಡೆ ಮುಖ. ಇಂದಿನ ಹವ್ಯಾಸಿಯ ದಿನಚರಿಯೂ ಇದೇ: ರಾತ್ರಿ ಊಟಕ್ಕೆ ಕೂತಾಗ ಇಪ್ಪತ್ತು ಕಿಲೋಮೀಟರ್ ಘೋಷಣೆ, ಬೆಳಿಗ್ಗೆ ಭೀಷ್ಮ ಕೆರೆಯಿಂದಲೇ ವಾಪಸು. ಅಟ್ಟಿಸಿಕೊಂಡು ಹೋಗಿ ಹಿಡಿದ ಬೃಹನ್ನಳೆಯನ್ನು ಮೊದಲ ತರಬೇತುದಾರ ಎಂದು ಒಪ್ಪಲು ಅಡ್ಡಿಯಿಲ್ಲ. ಆತ ಹೆಣ್ಣುಡುಗೆಯಲ್ಲೇ ಓಡಿ ಹಿಡಿದ ಎಂಬುದನ್ನು ಬೂಟು, ಬನಿಯನ್ನು ಮಾರುವವರು ಗಮನಿಸಬೇಕು.

ಕಾವ್ಯ ಸಾಲದು, ಇತಿಹಾಸ ಬೇಕು ಎನ್ನುವವರಿಗೆ ಬೆಳಗಾವಿಯ ಫಡೆಪ್ಪ ಚೌಗುಲೆ ಇದ್ದಾರೆ. 1920ರ ಆಂಟ್ವರ್ಪ್ ಒಲಿಂಪಿಕ್ಸಿನ ಮ್ಯಾರಥಾನನ್ನು 2 ಗಂಟೆ 50 ನಿಮಿಷ ಚಿಲ್ಲರೆಯಲ್ಲಿ ಮುಗಿಸಿ 19ನೆಯವರಾದವರು. ಆ ವರ್ಷದ ದಾರಿ 42.75 ಕಿ.ಮೀ., ಅಂದರೆ ಈಗಿನ 42.195ಕ್ಕಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಆಗ ಬೆಳಗಾವಿಯೂ ಗದಗವೂ ಒಂದೇ ಮುಂಬಯಿ ಪ್ರಾಂತ್ಯದಲ್ಲಿದ್ದವು. ಆದ್ದರಿಂದ ಅವರು ನಮ್ಮವರೇ. ಇದಕ್ಕಿಂತ ದೂರದ ಸಂಬಂಧ ಹೇಳಿಕೊಂಡು ಮದುವೆ ಊಟ ಉಂಡು ಬಂದವರು ಈ ಕಡೆ ಬಹಳಿದ್ದಾರೆ. ಆಂಟ್ವರ್ಪಿನಲ್ಲಿ ಯಾರಾದರೂ ಅವರನ್ನು ತಡೆದು ಗಾಡಿ ಹತ್ತಲು ಹೇಳಿದರು ಎಂಬುದಕ್ಕೆ ದಾಖಲೆಯಿಲ್ಲ. ಇದರ ಮಹತ್ವ ಮುಂದೆ ತಿಳಿಯುತ್ತದೆ.

ಇಲ್ಲಿ ಪೂರ್ವಪಕ್ಷ ಏಳುತ್ತದೆ. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಬರುತ್ತವೆ, ಚಳಿಗಾಲ ಕಳೆಯುತ್ತವೆ, ಬಿಸಿಲೇರುವ ಮೊದಲೇ ಗಂಟುಮೂಟೆ ಕಟ್ಟುತ್ತವೆ. 2024ರಲ್ಲಿ ಕೆರೆ ರಾಮ್ಸರ್ ಪಟ್ಟಿ ಸೇರಿದ ಮೇಲೂ ಅವು ಮನಸ್ಸು ಬದಲಿಸಿಲ್ಲ. ದೂರದ ಪಯಣದಲ್ಲಿ ಇಷ್ಟು ಪಳಗಿದ ಪ್ರಾಣಿಯೇ ನಿಲ್ಲದ ಬ್ಯಾಸಿಗಿಯಲ್ಲಿ ಬೆಟಗೇರಿಯ ಗುಮಾಸ್ತನೊಬ್ಬ ಯಾಕೆ ಓಡಬೇಕು? ಸಿದ್ಧಾಂತಿಯ ಉತ್ತರ ಹೀಗಿದೆ: ಬಿಸಿಲಿಗೆ ಮೈ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಸಾಕು, ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಹೊರಡುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಇದಕ್ಕೆ ಹೊಲದ ಬದುವಿನ ಮೇಲೆ ಕೂತಿದ್ದ ಅಜ್ಜ ಕೊಟ್ಟ ಖಂಡನೆ ತರ್ಕಶಾಸ್ತ್ರದಲ್ಲೇ ಅತಿ ಚಿಕ್ಕದು: “ನನಗ ಎಂಬತ್ತ ವರ್ಷ ಆತು, ಇನ್ನೂ ಒಗ್ಗಿಲ್ಲಪಾ.”

ಈಗ ಮುಖ್ಯ ಪ್ರಮೇಯ. ಗದಗದಿಂದ ಮುಳಗುಂದದ ಮೇಲೆ ಲಕ್ಷ್ಮೇಶ್ವರ ಸುಮಾರು 40 ಕಿ.ಮೀ. ಊರು ಮುಟ್ಟಿದ ಮೇಲೆ ಸೋಮೇಶ್ವರನ ಗುಡಿಗೆ ಸಾಕಷ್ಟು ಪ್ರದಕ್ಷಿಣೆ ಹಾಕಿದರೆ ಮ್ಯಾರಥಾನೂ ಆಯಿತು, ಪುಣ್ಯವೂ ಬಂತು. ಲೆಕ್ಕದಲ್ಲಿ ದೋಷವಿಲ್ಲ. ದೋಷವಿರುವುದು ದಾರಿಯ ಜನರ ಒಳ್ಳೆಯತನದಲ್ಲಿ. ಊರು ದಾಟುವ ಮೊದಲೇ ಹಾಲಿನ ಕ್ಯಾನು ಕಟ್ಟಿದ ಬೈಕು ಪಕ್ಕಕ್ಕೆ ಬರುತ್ತದೆ.

“ಯಾಕ್ರೀ ಸರ, ಬಸ್ ತಪ್ಪಿತೇನ್ರೀ?”

“ಇಲ್ರೀ.”

“ಮತ್ತ ಯಾರಿಗೇನಾತ್ರೀ?”

“ಯಾರಿಗೂ ಏನೂ ಆಗಿಲ್ರೀ. ಸುಮ್ನ ಓಡಾಕತ್ತೀನಿ.”

“ಸುಮ್ನ?” ಬೈಕಿನ ವೇಗ ಇಳಿಯುತ್ತದೆ, ದನಿಯೂ ಇಳಿಯುತ್ತದೆ. “ಮನ್ಯಾಗ ಎಲ್ಲಾ ಆರಾಮ ಐತಿಲ್ರೀ? ಇರ್ಲಿ ಬರ್ರಿ, ಗಾಡಿ ಹತ್ರಿ. ಮುಳಗುಂದಕ ಬಿಡ್ತೀನಿ.”

ಇದನ್ನು ದಾಟಿದವನು ಅರವಟಿಗೆಯಲ್ಲಿ ಸೋಲುತ್ತಾನೆ. ಎರಿಹೊಲ ಕೈ ತೂರುವಷ್ಟು ಬಿರಿದ ದಿನಗಳಲ್ಲಿ ದಾರಿ ಬದಿಗೊಂದು ಚಪ್ಪರ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಹರವಿ, ಸರಪಳಿ ಕಟ್ಟಿದ ಸ್ಟೀಲಿನ ಗ್ಲಾಸು. ಸರಪಳಿ ಗ್ಲಾಸಿಗೆ ಕಟ್ಟಿದ್ದು, ಓಟಗಾರನಿಗಲ್ಲ ಎಂಬುದು ಮೇಲ್ನೋಟದ ಅಭಿಪ್ರಾಯ. “ನಿಂತು ಕುಡೀಬ್ಯಾಡೋ ತಮ್ಮಾ, ನೀರು ಮೊಣಕಾಲಿಗೆ ಇಳಿತೈತಿ, ಕುಂದ್ರು” ಎನ್ನುತ್ತಾಳೆ ಅಲ್ಲಿಯ ಅವ್ವ. ಕೂತವನಿಗೆ ಯಾವೂರು ಎಂಬ ಪ್ರಶ್ನೆ, ಆಮೇಲೆ ಯಾರ ಪೈಕಿ ಎಂಬುದು. ಮುಂಡರಗಿಯ ಸೋದರಮಾವ ಒಬ್ಬ ಇಬ್ಬರಿಗೂ ಗೊತ್ತಿದ್ದವನೇ ಎಂದು ತೇಲಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಬರುತ್ತದೆ, ಅದರ ಹಿಂದೆ ಗುರೆಳ್ಳು ಚಟ್ನಿ ಸವರಿದ ಜ್ವಾಳದ ರೊಟ್ಟಿ. ಕೈಗಡಿಯಾರ ಮಾತ್ರ ಇನ್ನೂ ಓಡುತ್ತಿರುತ್ತದೆ.

ಫ್ರಾನ್ಸಿನ ಮೆಡಾಕ್ ದ್ರಾಕ್ಷಿ ಸೀಮೆಯಲ್ಲೂ ಒಂದು ಮ್ಯಾರಥಾನ್ ಇದೆ, ಅಲ್ಲಿ ವೇಷ ಕಟ್ಟಿಕೊಂಡು ಓಡುತ್ತಾರೆ, ದಾರಿಯುದ್ದಕ್ಕೂ ವೈನ್ ಕೊಡುತ್ತಾರೆ, ಆದರೂ ಹೆಚ್ಚಿನವರು ಮುಗಿಸುತ್ತಾರಲ್ಲ ಎಂದು ಕೆಲವರು ಆಕ್ಷೇಪಿಸುತ್ತಾರೆ. ಉದಾಹರಣೆ ಸರಿ, ಅನ್ವಯ ತಪ್ಪು. ಫ್ರೆಂಚರು ಕುಡಿಸಿ ಬಿಟ್ಟುಬಿಡುತ್ತಾರೆ. ಯಾರ ಪೈಕಿ ಎಂದು ಕೇಳುವುದಿಲ್ಲ.

ಮುಂಡರಗಿ ದಾರಿ ಇದಕ್ಕಿಂತ ವಾಸಿ ಎಂಬ ಪಕ್ಷವೂ ಇದೆ. ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ನೋಡಿದರೆ ಎದುರುಗಾಳಿಯೋ ಬೆಂಬಲವೋ ತಿಳಿಯುತ್ತದೆ. ಡಂಬಳದ ದೊಡ್ಡಬಸಪ್ಪನ ಗುಡಿಯ ತಳವಿನ್ಯಾಸಕ್ಕೆ 24 ಮೊನೆಗಳಿರುವುದರಿಂದ, ಒಂದು ಮೊನೆಗೆ ಜೋರು, ಮುಂದಿನದಕ್ಕೆ ನಿಧಾನ ಎಂದು ಸುತ್ತಿದರೆ ಯುರೋಪಿನ ತರಬೇತುದಾರರು ಹೇಳುವ ಕ್ರಮ ತಾನಾಗಿ ಬರುತ್ತದೆ. ಶಿಲ್ಪಿಗಳ ಉದ್ದೇಶ ಇದೇ ಆಗಿತ್ತೆಂದು ಸಾಧಿಸುವ ಪ್ರೌಢಪ್ರಬಂಧ ಇನ್ನೂ ಬಂದಿಲ್ಲ, ಬಾರದಿರಲಿ.

ಕೊನೆಯದು ಗ್ರಂಥರಚನೆಯ ಪ್ರಶ್ನೆ. ಮಿಂದ ಒದ್ದೆ ಬಟ್ಟೆ ಆರುವವರೆಗೆ ಮಾತ್ರ ಕುಮಾರವ್ಯಾಸನಿಗೆ ಕಾವ್ಯ ಹರಿಯುತ್ತಿತ್ತು ಎಂಬುದು ಐತಿಹ್ಯ. ಓಟಗಾರನೂ ಬೆವರಿನ ಬನಿಯನ್ನು ಆರುವತನಕ ಮಿರ್ಚಿ, ಗಿರಮಿಟ್ಟಿನ ಅಂಗಡಿಯಲ್ಲಿ ಕೂತು ತನ್ನ ಓಟವನ್ನು ವರ್ಣಿಸುತ್ತಾನೆ. ಏಪ್ರಿಲ್‌ನಲ್ಲಿ ಬನಿಯನ್ನು ಬೇಗ ಆರುತ್ತದೆ. ಕೇಳುವವರಿಗೆ ಬ್ಯಾಸಿಗಿಯಿಂದ ಇರುವ ಲಾಭ ಇದೊಂದೇ.

ಆದ್ದರಿಂದ ವಾಚಕ ಮಹಾಶಯರಲ್ಲಿ ವಿಜ್ಞಾಪನೆ: ಮುಳಗುಂದದ ದಾರಿಯಲ್ಲಿ ಓಡುವವನೊಬ್ಬ ಸಿಕ್ಕರೆ ಗಾಡಿ ನಿಲ್ಲಿಸಬೇಡಿ. ನಿಲ್ಲಿಸದೆ ಇರಲಾಗದಿದ್ದರೆ ಮಜ್ಜಿಗೆ ಕೊಟ್ಟು, ಊರು ಕೇಳದೆ ಮುಂದೆ ಹೋಗಿ.