ತಾರಾಬಲ

1926ರಿಂದ ಅಮೆರಿಕದಲ್ಲಿ ಪ್ರಕಟವಾಗುತ್ತಿರುವ 'ದಿ ಅಕೌಂಟಿಂಗ್ ರಿವ್ಯೂ' ಪತ್ರಿಕೆಯ, ಹಾಳೆಗೆ ಹಾಳೆ ಅಂಟಿಕೊಂಡೇ ಇದ್ದ ಸಂಚಿಕೆಯೊಂದರ ಧೂಳನ್ನು ಒರೆಸುತ್ತ, ಜವಾನ ತಿಮ್ಮಯ್ಯನು ವಾಣಿಜ್ಯಶಾಸ್ತ್ರದ ಪ್ರಾಧ್ಯಾಪಕರನ್ನು ವಿನಯಪೂರ್ವಕವಾಗಿ ಪ್ರಶ್ನಿಸಿದನು:

"ಇದು ಉತ್ಕೃಷ್ಟವೆಂದು ತಿಳಿಯುವುದು ಹೇಗೆ, ಸ್ವಾಮಿ?"

"ಆಸ್ಟ್ರೇಲಿಯದ ವಾಣಿಜ್ಯ ವಿದ್ಯಾಲಯಗಳ ಡೀನರ ಮಂಡಳಿಯು ಪತ್ರಿಕೆಗಳ ಪಟ್ಟಿ ಮಾಡಿ, ಎ, ಬಿ, ಸಿ ಎಂದು ಶ್ರೇಣೀಕರಿಸಿ, ಸರ್ವೋತ್ತಮವಾದವುಗಳ 'ಎ'ಗೆ ನಕ್ಷತ್ರವನ್ನೂ ದಯಪಾಲಿಸಿದೆಯಯ್ಯ!"

"ನಕ್ಷತ್ರ ಕೂಡಿಬಂದ ಮೇಲೆ ವರನ ಮುಖ ನೋಡುವುದೇಕೆ! ತಾವು ಓದಿದ್ದೀರಾ?"

"ಪಟ್ಟಿಯನ್ನೇ? ಕಂಠಪಾಠ!"

"ಪತ್ರಿಕೆಗೆ ಹಿರಿಮೆ ಬಂದದ್ದು?"

"ಮಹಾವಿದ್ವಾಂಸರು ಅದರಲ್ಲಿ ಬರೆಯುವುದರಿಂದ."

"ಅವರು ಮಹಾವಿದ್ವಾಂಸರಾದದ್ದು?"

"ಅದರಲ್ಲಿ ಬರೆದುದರಿಂದ!"

"ಜಮಾ-ಖರ್ಚು ತಾಳೆಯಾಯಿತು. ಹಾಗಾದರೆ, ನಮ್ಮ ಸಹಕಾರ ಸಂಘದ ಲೆಕ್ಕದ ವಿಷಯವಾಗಿ ತಾವು ಕನ್ನಡದಲ್ಲಿ ಬರೆದಿರಲ್ಲ, ಅದು?"

ಪ್ರಾಧ್ಯಾಪಕರು ಕನ್ನಡಕ ತೆಗೆದರು.

"ಅದು ಲೆಕ್ಕಕ್ಕಿಲ್ಲ, ತಿಮ್ಮಯ್ಯ."

"ಓದಿದವರು ನಾವು ನಾಲ್ಕು ಜನವಷ್ಟೇ, ಬಿಡಿ."