ರಾಯರ ಷರಾ

ನಮ್ಮ ಬೀದಿಯ ಕೊನೇ ಮನೆಯ ರಾಯರು 34 ವರ್ಷ ಒಂದು ಸರ್ಕಾರಿ ಕಚೇರಿಯಲ್ಲಿ ವಿಷಯ ನಿರ್ವಾಹಕರಾಗಿದ್ದವರು. ಆಗ ಬೆಕ್ಕು ಅಡ್ಡ ಬಂದರೆ ಮನೆಗೆ ವಾಪಸಾಗಿ, ಕೈಕಾಲು ತೊಳೆದು, ಅರ್ಧ ದಿನದ ರಜೆ ಹಾಕುತ್ತಿದ್ದರು. ನಿವೃತ್ತಿಯಾದ ವರ್ಷದ ಮಳೆಗಾಲದಲ್ಲಿ ಪಟ್ಟೆಪಟ್ಟೆಯ ಮರಿಯೊಂದು ನೆನೆದುಕೊಂಡು ಅವರ ಜಗುಲಿ ಹತ್ತಿತು. ಅದಕ್ಕೆ ಸುಬ್ಬಿ ಎಂದು ಹೆಸರಾಯಿತು. ರಾಯರು ಬೆಕ್ಕಿನ ಭಾಷ್ಯಕಾರರಾದರು.

ಅವರ ಮನೆಗೆ ಲಗ್ನಪತ್ರಿಕೆ ಕೊಡಲು ಹೋಗುವವರು ಈಗ ಒಂದು ಗಂಟೆ ಕೈಯಲ್ಲಿಟ್ಟುಕೊಂಡೇ ಹೋಗಬೇಕು. ಮೊನ್ನೆ ನಾನು ಹೋದಾಗ ಸುಬ್ಬಿ ಬಾಲ ನೆಟ್ಟಗೆ ಎತ್ತಿಕೊಂಡು ಬಂದು ನನ್ನ ಪ್ಯಾಂಟಿಗೆ ಕೆನ್ನೆ ಉಜ್ಜಿತು.

"ಎಷ್ಟು ಪ್ರೀತಿ ನೋಡಿ ನನ್ನ ಮೇಲೆ!" ಎಂದೆ.

"ಬಾಲ ಎತ್ತಿದ್ದು ನಮಸ್ಕಾರ, ಒಪ್ಪಿದೆ. ಕೆನ್ನೆ ಉಜ್ಜಿದ್ದು ಮಾತ್ರ ಮೊಹರು," ಎಂದರು ರಾಯರು. "ಅಲ್ಲಿ ವಾಸನೆಯ ಗ್ರಂಥಿ ಇದೆ. ಇನ್ನು ಮೇಲೆ ನೀವು ಅದರ ದಫ್ತರಕ್ಕೆ ಸೇರಿದ ಸ್ವತ್ತು."

ಸ್ವತ್ತಾದ ಸಂತೋಷದಲ್ಲಿ ಬಗ್ಗಿದೆ. ಸುಬ್ಬಿ ಅಂಗಾತ ಮಲಗಿ ಹೊಟ್ಟೆ ತೋರಿಸಿತು. ಸವರಿದೆ. ಮರುಕ್ಷಣ ಮುಂಗೈ ಮೇಲೆ ಮೂರು ಕೆಂಪು ಗೆರೆ.

"ಹೊಟ್ಟೆ ತೋರಿಸಿದರೆ ನಂಬಿಕೆ ಇದೆ ಅಂತ ಅರ್ಥ, ಮುಟ್ಟಿ ಅಂತಲ್ಲ. ಬಾಲ ಪಟಪಟ ಬಡಿದದ್ದು ನೋಡಲಿಲ್ವೆ? ನಾಯಿ ಬಾಲ ಆಡಿಸಿದರೆ ಖುಷಿ, ಬೆಕ್ಕು ಬಡಿದರೆ ಕಡತ ವಾಪಸು. ನೀವು ಓದದೇ ರುಜು ಹಾಕಿದಿರಿ," ಎಂದು ಅರಿಶಿನದ ಡಬ್ಬಿ ತರಿಸಿದರು.

ಅಷ್ಟರಲ್ಲಿ ಸುಬ್ಬಿ ಅವರ ತೊಡೆ ಏರಿ ಮುಂಗಾಲುಗಳಿಂದ ಪಂಚೆಯನ್ನು ಚಪಾತಿ ಹಿಟ್ಟಿನಂತೆ ನಾದತೊಡಗಿತು. ಮರಿಯಾಗಿದ್ದಾಗ ಹಾಲಿಳಿಯಲೆಂದು ತಾಯಿಯ ಹೊಟ್ಟೆಯನ್ನು ಹೀಗೇ ಒತ್ತುತ್ತಿದ್ದ ಅಭ್ಯಾಸವಂತೆ. ಈ ಮಾತೃಸ್ಮರಣೆಗೆ ಈವರೆಗೆ ನಾಲ್ಕು ಪಂಚೆ ಆಹುತಿಯಾಗಿವೆ. ಜೊತೆಗೆ ಗುರ್ ಗುರ್ ಸದ್ದು. "ಸುಖವಾದಾಗಲೂ ಹೀಗೇ, ನೋವಾದಾಗಲೂ ಹೀಗೇ," ಎಂದರು ರಾಯರು. ಒಳಗಿನಿಂದ ಅವರ ಮನೆಯವರು, "ಉಪ್ಪಿಟ್ಟು ಮಾಡಿದರೂ, ಮಾಡದಿದ್ದರೂ ಇವರೂ ಹಾಗೇ," ಎಂದರು.

ಕಣ್ಣಿನ ಅಧ್ಯಾಯ ದೊಡ್ಡದು. ನಾವು ನಿಧಾನವಾಗಿ ಕಣ್ಣು ಕಿರಿದು ಮಾಡಿ ಮುಚ್ಚಿದರೆ ಬೆಕ್ಕೂ ಹಾಗೇ ಮಾಡಿ ಸ್ನೇಹ ತೋರುತ್ತದೆಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ್ದಾರೆ. ಬೆಕ್ಕು ಕಣ್ಣು ಮುಚ್ಚುವುದು ಹಾಲು ಕದಿಯುವುದಕ್ಕೆ ಎಂದು ಗಾದೆ ಕಟ್ಟಿದವರ ಮೇಲೆ ರಾಯರಿಗೆ ಸಿಟ್ಟಿದೆ. ಜಗುಲಿಯಲ್ಲಿ ಕೂತು ಕಣ್ಣು ಮುಚ್ಚಿ ತೆರೆಯುವ ಅಭ್ಯಾಸ ಶುರುವಾದ ವಾರವೇ ಎದುರುಮನೆ ಅಜ್ಜಿ ಕಣ್ಣಿನ ಡಾಕ್ಟರ ವಿಳಾಸ ಬರೆದು ಕಳಿಸಿದರು.

ಊಟದ ಹೊತ್ತಾಯಿತು. ರಾಯರು ತಟ್ಟೆ ಹಿಡಿದು ನಿಂತರು. ಸುಬ್ಬಿ ಮೇಜಿನ ಹಳೇ ಪೇಪರುಗಳ ಮೇಲೆ ಮುದುಡಿತ್ತು.

"ಸುಬ್ಬೀ..."

ಒಂದು ಕಿವಿ ಇತ್ತ ತಿರುಗಿತು. ತಲೆ ಏಳಲಿಲ್ಲ.

"ಕೇಳಿಸಿದೆ," ಎಂದು ಪಿಸುಗುಟ್ಟಿದರು. "ಬೆಕ್ಕಿಗೆ ತನ್ನ ಹೆಸರು ಗೊತ್ತಾಗುತ್ತೆ ಅಂತ 2019ರಲ್ಲೇ ಜಪಾನಿನವರು ಪರೀಕ್ಷಿಸಿ ಹೇಳಿದ್ದಾರೆ. ಓಗೊಡೋದು, ಬಿಡೋದು ಅದರ ವಿವೇಚನೆ."

ಆ ಕಿವಿಯನ್ನು ನಾನು ಎಲ್ಲೋ ನೋಡಿದ್ದೆ. ಖಾತೆಯ ನಕಲಿಗೆಂದು ಹನ್ನೊಂದು ಸಲ ಅಲೆದ ಕಾಲವದು. ಫ್ಯಾನಿನ ಕೆಳಗಿನ ಆ ಮೇಜಿನ ಮುಂದೆ ನಿಂತು "ಸಾರ್" ಎಂದಾಗಲೆಲ್ಲ ಕಡತದಿಂದ ತಲೆ ಏಳುತ್ತಿರಲಿಲ್ಲ, ಪೆನ್ನು ಮಾತ್ರ ಒಂದು ಕ್ಷಣ ನಿಲ್ಲುತ್ತಿತ್ತು.

ರಾಯರು ಸೊಂಟ ಬಗ್ಗಿಸಿ ಮೂರನೇ ಸಲ ಕರೆದರು. ಸುಬ್ಬಿ ಅರೆಗಣ್ಣು ತೆರೆದು ತಟ್ಟೆಯನ್ನೊಮ್ಮೆ, ರಾಯರನ್ನೊಮ್ಮೆ ನೋಡಿ ಮಗ್ಗುಲು ಬದಲಿಸಿತು.

"ಇದಕ್ಕೇನರ್ಥ ರಾಯರೇ?" ಎಂದೆ.

ರಾಯರು ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು, ನನ್ನ ಮುಖ ನೋಡದೆ ಹೇಳಿದರು: "ನಾಳೆ ಬನ್ನಿ ಅಂತ."